ಎಂಟು ತಲೆ, ಮೂರು ರಿಕ್ಷಾ, ಒಂದು ದಿನ

ಬೇಸಗೆ ರಜೆಗೆ ಬೆಂಗಳೂರಿನಿಂದ ಮಂಗಳೂರಿನ ಅಜ್ಜಿಮನೆಗೆ ಬಂದವರು, ಮನೆಯವರನ್ನೂ ಸೇರಿಸಿಕೊಂಡು, ಮಕ್ಕಳಿಗೆ ಊರು ತೋರಿಸಲು ಒಂದು ದಿನ ಹೊರಟರೆ ಖರ್ಚು ಎಷ್ಟು? ನಾನು ಹಾಕಿದ ಲೆಕ್ಕದಲ್ಲಿ ಎಂಟು ಜನರಿಗೆ 6,393 ರೂ. ತಲೆಗೆ ಹೆಚ್ಚುಕಡಿಮೆ 800 ರೂ. ಇದರಲ್ಲಿ ಟಿಕೆಟ್ ಕೌಂಟರಿಗೆ ಹೋದದ್ದು 1,400 ರೂ., ಅಂದರೆ ನೂರಕ್ಕೆ 22. ಗಾಡಿಗೆ ನೂರಕ್ಕೆ 15, ದೋಣಿಗೆ 5. ಉಳಿದ 58 ಪಾಲು, 3,707 ರೂ., ಹೊಟ್ಟೆಗೆ.

ಹಿಂದಿನ ರಾತ್ರಿ ಜಗಲಿಯಲ್ಲಿ ಕೂತು ನಡೆಯುವ ಚರ್ಚೆ ಮಾತ್ರ ಪೂರ್ತಿ ಟಿಕೆಟ್ಟಿನದೇ. ಅಲ್ಲಿಗೆ ಎಷ್ಟು, ಮಕ್ಕಳಿಗೆ ಅರ್ಧವಾ, ಆ ಶೋ ಬೇಕಾ ಬೇಡವಾ ಎಂದು ಗಂಟೆಗಟ್ಟಲೆ ಮಾತು. ಮೀನಿನ ಊಟದ ಬಗ್ಗೆ ಯಾರೂ ಲೆಕ್ಕ ತೆಗೆಯುವುದಿಲ್ಲ. ತೆಗೆದರೆ ಮರ್ಯಾದೆ ಅಲ್ಲ.

ಲೆಕ್ಕದ ಎಂಟು ಜನ ಇವರು. ಬೆಂಗಳೂರಿನಿಂದ ಬಂದ ಅಪ್ಪ, ಅಮ್ಮ, 9 ವರ್ಷದ ಮಗಳು, ಐದೂವರೆಯ ಮಗ. ಕದ್ರಿ ಕಡೆಯ ಅಜ್ಜಿಮನೆಯಿಂದ ಅಜ್ಜಿ, ಮಾವ, ಅತ್ತೆ ಮತ್ತು ಅವರ 13 ವರ್ಷದ ಮಗಳು. ಬೆಳಿಗ್ಗೆ ಪಿಲಿಕುಳ, ಮಧ್ಯಾಹ್ನ ಊಟ, ಸಂಜೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ತಣ್ಣೀರುಬಾವಿ ಕಡಲು, ರಾತ್ರಿ ಐಸ್‌ಕ್ರೀಮ್. ರೈಲು, ರಿಕ್ಷಾ, ತೆರಿಗೆ ಇವುಗಳ ದರ ನಿಗದಿಯಾದದ್ದು. ಊಟ, ಬೊಂಡ, ಚರುಮುರಿಗೆ ಹಾಕಿದ್ದು ನನ್ನ ಅಂದಾಜು. ನಿಮ್ಮ ಅಂಗಡಿಯ ದರ ಬೇರೆ ಇದ್ದರೆ ಅದನ್ನು ಹಾಕಿ ಗುಣಿಸಿಕೊಳ್ಳಬಹುದು, ಪಾಲು ಹೆಚ್ಚೇನೂ ಬದಲಾಗದು.

ಮೊದಲು ಗಾಡಿಯ ವಿಷಯ. ಎಂಟು ಎಂಬುದು ಬಹಳ ಕೆಟ್ಟ ಸಂಖ್ಯೆ. ರಿಕ್ಷಾದಲ್ಲಿ ಕಾನೂನು ಪ್ರಕಾರ ಮೂವರು, ಆದ್ದರಿಂದ ಮೂರು ರಿಕ್ಷಾ ಬೇಕು, ಆಗಲೂ ಒಂದು ಸೀಟು ಖಾಲಿ. ಏಳು ಸೀಟಿನ ಬಾಡಿಗೆ ಕಾರೆಂದರೆ ಡ್ರೈವರ್ ಸೇರಿ ಏಳು, ಇಲ್ಲಿ ಡ್ರೈವರ್ ಬಿಟ್ಟೇ ಎಂಟು. ಅದರ ಮೇಲಿನ ಗಾತ್ರ ಟೆಂಪೋ ಟ್ರಾವೆಲರ್. ಎಂಟು ಜನಕ್ಕೆ ಹನ್ನೆರಡು ಸೀಟಿನ ಬಾಡಿಗೆ ಕೊಟ್ಟು ಪಿಲಿಕುಳಕ್ಕೆ ಹೋಗುವವರನ್ನು ನಾನು ಕಂಡಿಲ್ಲ.

ದಕ್ಷಿಣ ಕನ್ನಡದಲ್ಲಿ 2022ರ ಕೊನೆಗೆ ಪರಿಷ್ಕರಿಸಿದ ರಿಕ್ಷಾ ದರ ಹೀಗಿತ್ತು: ಮೊದಲ 1.5 ಕಿ.ಮೀ.ಗೆ 35 ರೂ., ಆಮೇಲೆ ಪ್ರತಿ ಕಿ.ಮೀ.ಗೆ 20 ರೂ. ಪಿಲಿಕುಳಕ್ಕೆ 12 ಕಿ.ಮೀ. ಹಿಡಿದರೆ ಒಂದು ರಿಕ್ಷಾಕ್ಕೆ 245 ರೂ. ಮೂರು ರಿಕ್ಷಾ, ಹೋಗಿ ಬರಲು 1,470. ಸಂಜೆ ಬತ್ತೇರಿಗೆ ಸುಮಾರು 4 ಕಿ.ಮೀ., ಒಂದಕ್ಕೆ 85, ಮೂರಕ್ಕೆ ಎರಡು ದಾರಿ 510. ಎಲ್ಲ ಸೇರಿ 1,980 ರೂ. ಇಷ್ಟು ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. ಆದ್ದರಿಂದ ಮಂಗಳೂರಿನ ಮನೆಗಳಲ್ಲಿ ನಿಜವಾಗಿ ನಡೆಯುವುದು ಬೇರೆ: ಮಾವನ ಕಾರಿಗೆ ಐದು, ಒಂದು ರಿಕ್ಷಾಕ್ಕೆ ಮೂರು. ರಿಕ್ಷಾಕ್ಕೆ 660 ರೂ. ಆಯಿತು. ಕಾರು ಇಡೀ ದಿನ 45 ಕಿ.ಮೀ. ಓಡಿತು, ಲೀಟರಿಗೆ 15 ಕಿ.ಮೀ. ಕೊಟ್ಟಿತು ಎಂದರೆ 3 ಲೀಟರ್ ಪೆಟ್ರೋಲ್. 2024ರ ಜೂನ್‌ನಲ್ಲಿ ರಾಜ್ಯ ಸರಕಾರ ಮಾರಾಟ ತೆರಿಗೆ ಏರಿಸಿ ಲೀಟರಿಗೆ 3 ರೂ. ಹೆಚ್ಚಿಸಿದ ಮೇಲೆ ಪೆಟ್ರೋಲು 102 ರೂ. ಆಸುಪಾಸಿಗೆ ಬಂದು ಕೂತಿತು. ಆ ಲೆಕ್ಕಕ್ಕೆ 306 ರೂ. ಒಟ್ಟು 966. ಮೂರು ರಿಕ್ಷಾದ ಅರ್ಧಕ್ಕಿಂತಲೂ ಸ್ವಲ್ಪ ಕಡಿಮೆ.

ರಿಕ್ಷಾದಲ್ಲಿ ಯಾರು ಎಂಬ ಪ್ರಶ್ನೆಗೆ ಉತ್ತರ ಸುಲಭ. ಇಬ್ಬರು ಹೆಣ್ಣುಮಕ್ಕಳು ಅದರಲ್ಲೇ ಹೋಗಬೇಕೆಂದು ಹಟ ಹಿಡಿಯುತ್ತಾರೆ, ಅವರ ಕಾವಲಿಗೆ ಬೆಂಗಳೂರಿನ ಅಪ್ಪ.

ಸಿಟಿ ಬಸ್ಸು ಯಾಕಾಗಬಾರದು? ಆಗಬಹುದು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಎಲ್ಲ ಕಡೆಗೂ ಬಸ್ಸುಂಟು, ರಿಕ್ಷಾಕ್ಕಿಂತ ಎಷ್ಟೋ ಅಗ್ಗ. ಆದರೆ ಇಲ್ಲಿ ಬೆಂಗಳೂರಿನವರನ್ನು ಗಲಿಬಿಲಿ ಮಾಡುವ ಒಂದು ಅಂಕಿ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಯಿತು. ಕರ್ನಾಟಕದ ವಿಳಾಸವಿರುವ ಹೆಂಗಸರಿಗೆ ರಾಜ್ಯದೊಳಗೆ ಸರಕಾರಿ ಸಾಮಾನ್ಯ ಬಸ್ಸು ಉಚಿತ. ಕೆಎಸ್ಸಾರ್ಟಿಸಿಯಲ್ಲಿ 6 ವರ್ಷದೊಳಗಿನ ಮಕ್ಕಳಿಗೂ ಟಿಕೆಟ್ ಇಲ್ಲ. ಹಾಗಾಗಿ ಈ ಕುಟುಂಬ ಬೆಂಗಳೂರಿನಿಂದ ಕೆಂಪು ಬಸ್ಸಿನಲ್ಲಿ ಬಂದಿದ್ದರೆ ಅಮ್ಮನಿಗೆ ಸೊನ್ನೆ, ಮಗಳಿಗೆ ಸೊನ್ನೆ, ಐದೂವರೆಯವನಿಗೆ ಸೊನ್ನೆ. ಶಿರಾಡಿ ಘಾಟಿ ಇಳಿದು ಬರುವ ಸುಮಾರು 350 ಕಿ.ಮೀ.ಗೆ ನಾಲ್ವರಿಗೂ ಸೇರಿ ಒಂದೇ ಟಿಕೆಟ್, ಅಪ್ಪನದು. ಅದೇ ಅಮ್ಮ ಮರುದಿನ ಕದ್ರಿಯಿಂದ ಹಂಪನಕಟ್ಟೆಗೆ ಬಸ್ಸು ಹತ್ತಿದರೆ ಕಂಡಕ್ಟರ್ ಕೈ ಚಾಚುತ್ತಾನೆ. ಮಂಗಳೂರಿನ ಸಿಟಿ ಬಸ್ಸುಗಳು ಬಹುಪಾಲು ಖಾಸಗಿ. ಊರವರು ‘ನರ್ಮ್ ಬಸ್’ ಎಂದು ಕರೆಯುವ ಸರಕಾರಿ ಬಸ್ಸುಗಳು ಕೆಲವು ಮಾರ್ಗಗಳಲ್ಲಿ ಮಾತ್ರ. ಎಂಟು ಜನರಲ್ಲಿ ಐವರು ಹೆಂಗಸರು, ಹೆಣ್ಣುಮಕ್ಕಳು. 350 ಕಿ.ಮೀ.ಗೆ ಇಲ್ಲದ ಟಿಕೆಟ್ 3 ಕಿ.ಮೀ.ಗೆ ಇದೆ. ಮಂಜೇಶ್ವರದಿಂದ ದೊಡ್ಡಮ್ಮ ಬಂದು ಸೇರಿಕೊಂಡರಂತೂ ಅವರಿಗೆ ಯಾವ ಬಸ್ಸಿನಲ್ಲೂ ಸೊನ್ನೆ ಇಲ್ಲ. ಮಾತು ಕನ್ನಡ, ತುಳು ಎರಡೂ ಸರಿಯಾಗಿದ್ದರೂ ಆಧಾರ್ ಕಾರ್ಡಿನ ವಿಳಾಸ ಕೇರಳದ್ದು.

ಇನ್ನು ‘ಮಗು’ ಎಂದರೆ ಎಷ್ಟು ವರ್ಷದವರೆಗೆ ಎಂಬುದನ್ನು ಒಂದೊಂದು ಕೌಂಟರು ಒಂದೊಂದು ರೀತಿ ಹೇಳುತ್ತದೆ. ವಿಮಾನದವರಿಗೆ 2 ವರ್ಷ ತುಂಬಿದರೆ ಸೀಟು ಬೇಕು. ರೈಲಿನಲ್ಲಿ 5ರವರೆಗೆ ಉಚಿತ. 5ರಿಂದ 12ರೊಳಗಿನವರಿಗೆ ಬರ್ತ್ ಬೇಡ ಎಂದರೆ ಅರ್ಧ, ಬೇಕೆಂದರೆ 2016ರ ಏಪ್ರಿಲ್ 21ರಿಂದ ಪೂರ್ತಿ ದರ. ಕೂತು ಹೋಗುವ ಚೇರ್‌ಕಾರಿನಲ್ಲಿ ‘ಸೀಟು ಬೇಡ’ ಎನ್ನುವ ಆಯ್ಕೆಯೇ ಇಲ್ಲ. ಆದ್ದರಿಂದ ನಮ್ಮ ಐದೂವರೆಯವನು ಬಸ್ಸಿನಲ್ಲಿ ಬಂದರೆ ಉಚಿತ, ಹಗಲು ರೈಲಿನಲ್ಲಿ ಬಂದರೆ ಪೂರ್ತಿ ಪ್ರಯಾಣಿಕ. ಬಸ್ಸಿನಲ್ಲಿ ಒಂದು ಟಿಕೆಟ್ಟಿನ ಕುಟುಂಬಕ್ಕೆ ರೈಲಿನಲ್ಲಿ ನಾಲ್ಕು. ಆದರೂ ಮಕ್ಕಳು ರೈಲನ್ನೇ ಕೇಳುತ್ತಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗ, ಇಳಿಜಾರು 50 ಮೀಟರಿಗೆ ಒಂದು ಮೀಟರ್. 2021ರ ಜುಲೈಯಿಂದ ಆ ದಾರಿಯ ಹಗಲು ರೈಲಿಗೆ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಯೂ ಸೇರಿತು, ಒಂದರಲ್ಲಿ 44 ಸೀಟು. ಸುರಂಗ ಎಣಿಸುವುದರಲ್ಲಿ ಅಕ್ಕ ತಮ್ಮನಿಗೆ ಜಗಳ ಹತ್ತುವುದು ಇಪ್ಪತ್ತರ ಹತ್ತಿರ.

ಮಕ್ಕಳ ಮಟ್ಟಿಗೆ ಅತ್ಯಂತ ಉದಾರಿ ಭಾರತೀಯ ಪುರಾತತ್ವ ಇಲಾಖೆ. ಅಲ್ಲಿ 15 ವರ್ಷದೊಳಗಿನ ಯಾರಿಗೂ ಟಿಕೆಟ್ ಇಲ್ಲ. ಬೇರೆಲ್ಲ ಕಡೆ ದೊಡ್ಡವಳಾಗಿಬಿಟ್ಟ 13ರ ಹುಡುಗಿ ಅಲ್ಲಿ ಇನ್ನೂ ಮಗು. ಮಂಗಳೂರಿನಿಂದ ರೈಲಿನಲ್ಲಿ ಕಾಸರಗೋಡು ದಾಟಿ ಬೇಕಲ ಕೋಟೆಗೆ ಹೋದರೆ ದೊಡ್ಡವರಿಗೆ 25 ರೂ. ಐವರಿಗೆ 125, ಮೂವರು ಮಕ್ಕಳಿಗೆ ಸೊನ್ನೆ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ, 40 ಎಕರೆಯ ಕೋಟೆಗೆ ಎಂಟು ಜನಕ್ಕೆ 125 ರೂ. ಪಿಲಿಕುಳಕ್ಕೆ ಹಲವು ಸಲ ಹೋಗಿ ಬಂದ ಮನೆಯವರಿಗೆ ಇದು ಒಳ್ಳೆಯ ಬದಲಿ. ಬಿಸಿಲಿಗೆ ಮಾತ್ರ ಅಲ್ಲಿ ಮರೆ ಕಡಿಮೆ.

ಪಿಲಿಕುಳಕ್ಕೆ ಬರೋಣ. ವಾಮಂಜೂರು–ಮೂಡುಶೆಡ್ಡೆ ಕಡೆಯ ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮದ ವಿಸ್ತಾರ ಸುಮಾರು 370 ಎಕರೆ, ಅಂದರೆ ಒಂದೂವರೆ ಚದರ ಕಿ.ಮೀ. ಅದರಲ್ಲಿ ಮೃಗಾಲಯ ಒಂದೇ 150 ಎಕರೆ. ಇದರ ಜತೆಗೆ ಕೆರೆ, ದೋಣಿ, ವಿಜ್ಞಾನ ಕೇಂದ್ರ, ಗುತ್ತು ಮನೆ, ಕುಶಲಕರ್ಮಿಗಳ ಗ್ರಾಮ, ನೀರಾಟದ ಪಾರ್ಕು, ತಾರಾಲಯ. ಬೆಳಿಗ್ಗೆ 9ಕ್ಕೆ ಮನೆ ಬಿಟ್ಟು ಒಂದೂವರೆಗೆ ಊಟಕ್ಕೆ ಕೂರುವವರಿಗೆ ಕೈಯಲ್ಲಿರುವುದು ಪ್ರಯಾಣ ಕಳೆದು ಹೆಚ್ಚೆಂದರೆ 200 ನಿಮಿಷ. ಇಷ್ಟರಲ್ಲಿ ಎರಡೇ ಜಾಗ ಸಾಧ್ಯ. ಮೂರನೆಯದಕ್ಕೆ ಕೈ ಹಾಕಿದವರು ಐದೂವರೆಯವನನ್ನು ಹೊತ್ತುಕೊಂಡು ಗೇಟಿನ ಹೊರಗೆ ಬರುತ್ತಾರೆ. ಮೃಗಾಲಯದೊಳಗೆ 2 ಕಿ.ಮೀ. ನಡೆದರೂ, 45 ಸೆಂ.ಮೀ.ನ ಒಂದು ಹೆಜ್ಜೆಯಂತೆ ಅವನಿಗೆ ಅದು 4,400 ಹೆಜ್ಜೆ. ಅಪ್ಪನಿಗೆ ಮೂರು ಸಾವಿರವೂ ಇಲ್ಲ.

ನನ್ನನ್ನು ಕೇಳಿದರೆ ಮೃಗಾಲಯ ಮೊದಲು, ತಾರಾಲಯ ಆಮೇಲೆ. ಏಪ್ರಿಲ್–ಮೇ ತಿಂಗಳಲ್ಲಿ ಹತ್ತೂವರೆ ದಾಟಿದರೆ ಹುಲಿ ನೆರಳು ಬಿಟ್ಟು ಏಳುವುದಿಲ್ಲ, ನೋಡಲು ಬಂದವರಿಗೂ ಬೆವರು ಒರೆಸುವುದೇ ಕೆಲಸ. ಸ್ವಾಮಿ ವಿವೇಕಾನಂದ ತಾರಾಲಯ 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು. ದೇಶದ ಮೊದಲ 3ಡಿ ತಾರಾಲಯ, 8ಕೆ ಚಿತ್ರ, 18 ಮೀಟರ್ ವ್ಯಾಸದ ಗುಮ್ಮಟ. ಪೂರ್ತಿ ಅರ್ಧಗೋಳ ಎಂದು ಹಿಡಿದರೆ ಆ ಪರದೆಯ ಮೈ 509 ಚದರ ಮೀಟರ್. ಬೆಂಗಳೂರಿನವರಿಗೆ ಅರ್ಥವಾಗುವ ಅಳತೆಯಲ್ಲಿ, 30–40ರ ಸೈಟು ನಾಲ್ಕೂವರೆ. ಅಷ್ಟು ಆಕಾಶ ತಲೆಯ ಮೇಲೆ, ಎಸಿಯ ತಂಪಿನಲ್ಲಿ, ಕೂತುಕೊಂಡು. ಅಜ್ಜಿಗೂ ಇದೇ ಇಷ್ಟವಾಗುವುದು, ಕಾರಣ ಆ ಕುರ್ಚಿ.

ಟಿಕೆಟ್ಟಿಗೆ ಪ್ರತಿ ಕೌಂಟರಿನಲ್ಲಿ ದೊಡ್ಡವರಿಗೆ 100, ಚಿಕ್ಕವರಿಗೆ 50 ಎಂದು ಗುಣಾಕಾರದ ಸುಲಭಕ್ಕೆ ಇಟ್ಟಿದ್ದೇನೆ. 13ರವಳು ದೊಡ್ಡವರ ಸಾಲಿಗೆ, ಇನ್ನಿಬ್ಬರು ಅರ್ಧ. ಒಂದು ಕೌಂಟರಿಗೆ 700, ಎರಡಕ್ಕೆ 1,400. ಮೃಗಾಲಯದ ಪ್ರವೇಶಕ್ಕೂ, 500 ರೂ. ಮೀರದ ತಾರಾಲಯದ ಟಿಕೆಟ್ಟಿಗೂ ಜಿಎಸ್‌ಟಿ ಇಲ್ಲ. ನೀರಾಟದ ಪಾರ್ಕಿಗೆ 18 ಪಾಲು ಇದೆ. ಸೋಮವಾರ ರಜೆ ಎಂಬುದನ್ನು ಮರೆತು ಹೋದರೆ 490 ರೂ. ರಿಕ್ಷಾ ಬಾಡಿಗೆ ಬರೇ ಗೇಟು ನೋಡಿದ್ದಕ್ಕೆ.

ಈಗ ಮಧ್ಯಾಹ್ನದ ಊಟ. ಇಡೀ ದಿನದ ಅತಿ ದೊಡ್ಡ ಮೊತ್ತ ಇದು. ಹೊಟೇಲಿನಲ್ಲಿ ಏಳು ಮೀನೂಟ, ತಲಾ 120ರಂತೆ 840. ಐದೂವರೆಯವನು ಅಮ್ಮನ ತಟ್ಟೆಯಲ್ಲಿ. ಆರು ಪ್ಲೇಟು ಫ್ರೈ, ಅಂಜಲ್ ಒಂದಿಷ್ಟು, ಬಂಗುಡೆ ಒಂದಿಷ್ಟು, ಸರಾಸರಿ 200ರಂತೆ 1,200. ಮೇಲೆ ಶೇ 5 ಜಿಎಸ್‌ಟಿ. ಒಟ್ಟು 2,142 ರೂ. ಎರಡು ಕೌಂಟರಿನ ಟಿಕೆಟ್ಟಿಗಿಂತ 742 ರೂ. ಹೆಚ್ಚು.

ಮನೆಯಲ್ಲೇ ಉಂಡರೆ? ಬಂಗುಡೆ 2 ಕಿಲೋ 500 ರೂ., ತೆಂಗಿನಕಾಯಿ ಎರಡು 80, ಕುಚಲಕ್ಕಿ ಒಂದೂವರೆ ಕಿಲೋ 75, ಮೆಣಸು, ಹುಳಿ, ಎಣ್ಣೆ, ಗ್ಯಾಸು, ಒಂದು ಪಲ್ಯ ಸೇರಿ 245. ಒಟ್ಟು 900 ರೂ. ಉಳಿತಾಯ 1,242. ಬೆಂಗಳೂರಿನ ಅಪ್ಪ ಇಷ್ಟು ಲೆಕ್ಕ ಹಾಕಿ ‘ಮನೆ ಊಟವೇ ರುಚಿ’ ಎಂದುಬಿಡುತ್ತಾರೆ. ರುಚಿಯ ಮಾತು ನಿಜವೇ. ಆದರೆ ಆ 1,242 ರೂ. ಎಲ್ಲಿಂದ ಬಂತು ಎಂದು ಅಡುಗೆಮನೆಯಲ್ಲಿ ನಿಂತು ನೋಡಬೇಕು.

2 ಕಿಲೋ ಬಂಗುಡೆ ಎಂದರೆ ಸುಮಾರು ಹದಿನೈದು ಮೀನು. ಬೆಳಿಗ್ಗೆ ಆರೂವರೆಗೆ ಮೀನಿನವಳ ಸ್ವರ ಕೇಳಿದೊಡನೆ ಅತ್ತೆ ಗೇಟಿಗೆ ಓಡಬೇಕು. ಕಿವಿರು ಎತ್ತಿ ಕೆಂಪಿದೆಯಾ ನೋಡಿ, ದರಕ್ಕೆ ಎರಡು ಮಾತಾಡಿ, ತಂದು ಹಿತ್ತಿಲ ಕಲ್ಲಿನ ಮೇಲೆ ಹಾಕಿದರೆ ಬೆಕ್ಕು ಅಷ್ಟರಲ್ಲಿ ಹಾಜರು. ಒಂದೊಂದರ ರೆಕ್ಕೆ, ಬಾಲ ಕತ್ತರಿಸಿ, ಹೊಟ್ಟೆ ತೆಗೆದು, ಮೂರು ನೀರಿನಲ್ಲಿ ತೊಳೆದು, ಫ್ರೈಗೆ ಹೋಗುವುದಕ್ಕೆ ಎರಡೂ ಬದಿ ಗೀರು ಹಾಕಿ, ಮಸಾಲೆ ಮೆತ್ತಿ ಇಡಬೇಕು. ಸಾರಿಗೆ ಬ್ಯಾಡಗಿ ಮೆಣಸು, ಕೊತ್ತಂಬರಿ ಹುರಿದು, ಕಾಯಿ ಹಾಕಿ ನುಣ್ಣಗೆ ಕಡೆಯಬೇಕು. ಕುಚಲಕ್ಕಿ ಬೇಯಲು ಅದರದೇ ಹೊತ್ತು. ಕಾವಲಿಯಲ್ಲಿ ಒಮ್ಮೆಗೆ ನಾಲ್ಕೇ ಮೀನು, ಫ್ರೈಗೆ ಇಟ್ಟ ಹತ್ತು ಮೀನಿಗೆ ಮೂರು ಸರದಿ. ಆಮೇಲೆ ಪಾತ್ರೆ. ನಾಲ್ಕು ಗಂಟೆಗೆ ಕಡಿಮೆ ಇಲ್ಲ. 1,242ನ್ನು ನಾಲ್ಕರಿಂದ ಭಾಗಿಸಿದರೆ ಗಂಟೆಗೆ 310 ರೂ. ಅಪ್ಪ ಉಳಿಸಿದ್ದು ಅತ್ತೆಯ ಈ ಗಂಟೆಗಳನ್ನು ಖರ್ಚು ಮಾಡಿ. ಅದಲ್ಲದೆ, ಅಷ್ಟು ಕೆಲಸ ಮುಗಿಯಬೇಕಾದರೆ ಅತ್ತೆ ಪಿಲಿಕುಳಕ್ಕೆ ಬರುವಂತಿಲ್ಲ. ಎಂಟು ಜನರ ಪ್ರವಾಸ ಸದ್ದಿಲ್ಲದೆ ಏಳು ಜನರದ್ದಾಯಿತು. ಕಾರಿನ ಸೀಟು ಒಂದು ಖಾಲಿ, ಟಿಕೆಟ್ಟಿನಲ್ಲಿ ಇನ್ನೂ 200 ರೂ. ಉಳಿತಾಯ!

ಇದು ಒಂದು ಮನೆಯ ಮಾತಲ್ಲ. ರಾಷ್ಟ್ರೀಯ ಅಂಕಿಅಂಶ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೇ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಇದು 289 ಮತ್ತು 88. ಇಬ್ಬರದೂ ಸ್ವಲ್ಪ ಇಳಿದಿದೆ, ನಡುವಿನ ಅಂತರ ಮಾತ್ರ ಹಾಗೆಯೇ ಇದೆ. ರಜೆಗೆ ನೆಂಟರು ಬಂದ ದಿನ ಆ 289 ಎಷ್ಟಕ್ಕೆ ಏರುತ್ತದೆ ಎಂದು ಅತ್ತೆಯನ್ನೇ ಕೇಳಬೇಕು. ಅದಕ್ಕೇ ನನ್ನ ಲೆಕ್ಕದಲ್ಲಿ ಹೊಟೇಲಿನ 2,142 ರೂ.ಯನ್ನೇ ಇಟ್ಟಿದ್ದೇನೆ, ಕಡಿಮೆ ಮಾಡಲು ಹೋಗಿಲ್ಲ.

ಟಿಕೆಟ್ಟೇ ಇಲ್ಲದ ದಿನವನ್ನೂ ಮಂಗಳೂರಿನಲ್ಲಿ ಮಾಡಬಹುದು. ಹಂಪನಕಟ್ಟೆಯಿಂದ ಐದಾರು ಕಿ.ಮೀ. ಸುತ್ತಳತೆಯಲ್ಲಿ ಸಾವಿರ ವರ್ಷದ ಚರಿತ್ರೆ ಪುಕ್ಕಟೆ ಸಿಗುತ್ತದೆ. ಕದ್ರಿ ಮಂಜುನಾಥ ದೇವಸ್ಥಾನದ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಶಾಸನವಿದೆ, ಕಾಲ ಕ್ರಿ.ಶ. 968. ಬೋಳೂರಿನ ಸುಲ್ತಾನ್ ಬತ್ತೇರಿ 1784ರದ್ದು. ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಮಾಡು ಎಲ್ಲಕ್ಕೂ ಇಟಲಿಯ ಆಂಟೋನಿಯೋ ಮೊಸ್ಕೇನಿ ಚಿತ್ರ ಬರೆಯಲು ತೊಡಗಿದ್ದು 1899ರ ಹೊತ್ತಿಗೆ. ಕುದ್ರೋಳಿಯಲ್ಲಿ ನಾರಾಯಣ ಗುರುಗಳು ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ್ದು 1912ರಲ್ಲಿ. ಎಲ್ಲಿಯೂ ಗೇಟಿನ ಹಣವಿಲ್ಲ. ಆದರೆ ಇಂಥಲ್ಲಿ ಮಕ್ಕಳ ತಾಳ್ಮೆಯೇ ಟಿಕೆಟ್ಟು. ಚಾಪೆಲಿನಲ್ಲಿ 13ರವಳು ಕತ್ತೆತ್ತಿ ಇಪ್ಪತ್ತು ನಿಮಿಷ ನಿಂತಾಳು, 9ರವಳು ಹತ್ತು. ಐದೂವರೆಯವನು ನಾಲ್ಕನೆಯ ನಿಮಿಷಕ್ಕೆ ‘ಹೋಗುವಾ’ ಎನ್ನುತ್ತಾನೆ. ಅಲ್ಲಿನ ಕಾಲೇಜಿನ ವಸ್ತುಸಂಗ್ರಹಾಲಯದಲ್ಲಿ ಮಂಗಳೂರಿನ ಮೊದಲ ಮೋಟಾರು ಎಂದು ಇಟ್ಟಿರುವ ಹಳೇ ಫ್ರೆಂಚ್ ಕಾರು ಇರುವುದರಿಂದ ಇನ್ನೊಂದು ಕಾಲು ಗಂಟೆ ದಕ್ಕುತ್ತದೆ.

ಹೀಗೆ 1,400ನ್ನು ಪೂರ್ತಿ ತೆಗೆದುಹಾಕಿದರೂ ದಿನದ ಖರ್ಚು 4,993ಕ್ಕೆ ಇಳಿಯುತ್ತದೆ, ಅಷ್ಟೇ. ಪುಕ್ಕಟೆ ದಿನಕ್ಕೆ ಐದು ಸಾವಿರ. ದೇವಸ್ಥಾನದಲ್ಲಿ ಅಜ್ಜಿ ಬರೆಸುವ ಸೇವೆಯ ರಸೀದಿ ಬೇರೆ, ಅದಕ್ಕೆ ಯಾರೂ ಚಕಾರ ಎತ್ತುವಂತಿಲ್ಲ.

ಸಂಜೆಯದ್ದು ಕಡಿಮೆ ಖರ್ಚಿನ ಹೆಚ್ಚು ಮೋಜು. ಬತ್ತೇರಿಯ ಕಪ್ಪು ಕಲ್ಲಿನ ಮೆಟ್ಟಿಲು ಹತ್ತಿ, ತೋಪು ಇಡುತ್ತಿದ್ದ ಕಂಡಿಗಳಲ್ಲಿ ಇಣುಕಿ, ಕೆಳಗೆ ಬಂದರೆ ಫಲ್ಗುಣಿ ನದಿಯ ದಡದಲ್ಲಿ ದೋಣಿ. ಆಚೆ ದಡ ತಣ್ಣೀರುಬಾವಿ. ಕೂಳೂರು ಸೇತುವೆ ಸುತ್ತಿ ರಸ್ತೆಯಲ್ಲಿ ಬರುವುದಾದರೆ 10 ಕಿ.ಮೀ. ಹಿಡಿಯಿರಿ, ಒಂದು ರಿಕ್ಷಾಕ್ಕೇ 205 ರೂ. ದೋಣಿಗೆ ತಲೆಗೆ 20ರಂತೆ ಹಾಕಿದರೂ ಎಂಟು ಜನಕ್ಕೆ ಹೋಗಿ ಬರಲು 320. ಕಾರು ಈಚೆ ದಡದಲ್ಲೇ ಇರುವುದರಿಂದ ಕೊನೆಯ ದೋಣಿಯ ಹೊತ್ತು ಕೇಳಿಕೊಂಡೇ ಹತ್ತಬೇಕು.

ಮರಳಿನಲ್ಲಿ ಚರುಮುರಿಯವ ಕಂಡ ಮೇಲೆ ಮುಂದೆ ಹೋಗುವುದಿಲ್ಲ. ಡಬ್ಬದಲ್ಲಿ ಎರಡು ಹಿಡಿ ಹುರಿಯಕ್ಕಿ, ಸಣ್ಣಗೆ ಕೊಚ್ಚಿದ ನೀರುಳ್ಳಿ, ಟೊಮೆಟೊ, ತುರಿದ ಕ್ಯಾರೆಟ್, ಮಾವಿನಕಾಯಿ ಕಾಲದಲ್ಲಿ ಅದರ ಚೂರು, ಮೆಣಸಿನ ಪುಡಿ, ಉಪ್ಪು. ಮೇಲಿನಿಂದ ತೆಂಗಿನೆಣ್ಣೆ ಒಂದು ಸುತ್ತು. ಟಕಟಕ ಎಂದು ಕಲಸಿ, ಕಾಗದದ ಪೊಟ್ಟಣಕ್ಕೆ ಸುರಿದು, ಚಮಚದ ಬದಲು ಒಂದು ರಟ್ಟಿನ ತುಂಡು ಚುಚ್ಚಿ ಕೊಡುತ್ತಾನೆ. ಒಂದು ಪೊಟ್ಟಣಕ್ಕೆ ಒಂದು ನಿಮಿಷ. ತಲಾ 40ರಂತೆ ಎಂಟಕ್ಕೆ 320 ರೂ. ಐದು ಬೊಂಡಕ್ಕೆ 60ರಂತೆ 300. ಇಡೀ ದಿನದಲ್ಲಿ ಕೊಟ್ಟ ಹಣಕ್ಕೆ ಪೂರ್ತಿ ಬೆಲೆ ಬಂದದ್ದು ಇಲ್ಲೇ ಎಂದು ನನ್ನ ತೀರ್ಮಾನ.

ನೀರಿನದ್ದೂ ಹೇಳಿಬಿಡುತ್ತೇನೆ. ಕರಾವಳಿಯ ಸೆಕೆಗೆ ತಲೆಗೆ ದಿನಕ್ಕೆ 2 ಲೀಟರ್ ಬೇಕೇ ಬೇಕು. ಎಂಟು ಜನಕ್ಕೆ 16 ಲೀಟರ್, ಬಾಟಲಿ ಕೊಂಡರೆ 320 ರೂ. 2025ರ ಸೆಪ್ಟೆಂಬರ್ 22ರಂದು ತೆರಿಗೆ ಇಳಿದಾಗ ರೈಲ್ ನೀರ್ ಬಾಟಲಿ 15ರಿಂದ 14ಕ್ಕೆ ಬಂದಿತ್ತು, ಅಷ್ಟು ಸಮಾಧಾನ. ಮನೆಯ ಬಾವಿ ನೀರು ಕುದಿಸಿ ಒಯ್ದರೆ ಸೊನ್ನೆ ರೂಪಾಯಿ, 16 ಕಿಲೋ ಭಾರ. ನಾನು ಸೊನ್ನೆ ಹಾಕಿದ್ದೇನೆ. ಹೊರುವವರು ಮಾವ.

ಅದೇ ಸೆಪ್ಟೆಂಬರ್ 22 ರಾತ್ರಿಯ ಬಿಲ್ಲನ್ನೂ ಬದಲಿಸಿದೆ. ಮಂಗಳೂರಿಗೆ ಬಂದು ಗಡ್‌ಬಡ್ ತಿನ್ನದೆ ಮಕ್ಕಳು ಮಲಗುವುದಿಲ್ಲ. ಎಸ್. ಪ್ರಭಾಕರ ಕಾಮತ್ 1975ರಲ್ಲಿ ಆರಂಭಿಸಿದ ಐಡಿಯಲ್ ಐಸ್‌ಕ್ರೀಮ್‌ನಿಂದ ಹಿಡಿದು ಊರಿನ ಯಾವ ಪಾರ್ಲರಿಗೆ ಹೋದರೂ ಆ ಉದ್ದ ಗಾಜಿನ ಲೋಟ ಇದೆ: ಅಡಿಯಲ್ಲಿ ಜೆಲ್ಲಿ, ಹಣ್ಣಿನ ಹೋಳು, ಗೋಡಂಬಿ, ಅದರ ಮೇಲೆ ಮೂರು ಬಣ್ಣದ ಐಸ್‌ಕ್ರೀಮ್. ಅಜ್ಜಿಗೆ ಶೀತ, ಐದೂವರೆಯವನಿಗೆ ಅಮ್ಮನ ಲೋಟದಲ್ಲಿ ಪಾಲು. ಆರು ಲೋಟ, 150ರಂತೆ 900 ರೂ. ಪಾರ್ಲರಿನಲ್ಲಿ ಮಾರುವ ಸಿದ್ಧ ಐಸ್‌ಕ್ರೀಮಿಗೆ ಶೇ 18 ತೆರಿಗೆ ಎಂದು 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಸ್ಪಷ್ಟಪಡಿಸಿತ್ತು. ಆ ಲೆಕ್ಕದಲ್ಲಿ ಬಿಲ್ಲು 1,062. ಈಗ ಶೇ 5, ಅಂದರೆ 945. ಉಳಿದ 117 ರೂ.ಗೆ ಏಳನೆಯ ಲೋಟ ಬರುವುದಿಲ್ಲ, ಕೋನ್ ಐಸ್‌ಕ್ರೀಮ್ ಬಂದೀತು.

ಈ ಲೆಕ್ಕ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗಿನದ್ದು. ಜೂನಿನಲ್ಲಿ ಬಂದರೆ ಎಲ್ಲವೂ ತಿರುಗುಮುರುಗು. ವರ್ಷಕ್ಕೆ ಮೂರೂವರೆ ಮೀಟರ್ ಮೀರಿ ಮಳೆ ಬೀಳುವ ಊರಿದು, ಜುಲೈ ತಿಂಗಳಿನದ್ದೇ ಒಂದು ಮೀಟರ್ ದಾಟುತ್ತದೆ. ಕಡಲಿಗೆ ಇಳಿಯಲು ಬಿಡುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್, ಬಂಗುಡೆಯ 250 ರೂ. ಎಂಬ ನನ್ನ ದರಕ್ಕೆ ಆಗ ಅರ್ಥವಿಲ್ಲ. ಯಕ್ಷಗಾನ ಮೇಳಗಳು ಕೂಡ ಪತ್ತನಾಜೆಗೆ, ಅಂದರೆ ಮೇ 24–25ರ ಹೊತ್ತಿಗೆ, ಗೆಜ್ಜೆ ಬಿಚ್ಚಿರುತ್ತವೆ. ಅದಕ್ಕೆ ಮುಂಚೆ ಬಂದವರಿಗೆ ಯಾವುದಾದರೂ ಬಯಲಾಟದಲ್ಲಿ ರಾತ್ರಿಯ ಕಾರ್ಯಕ್ರಮ ಪುಕ್ಕಟೆ, ಹಲವು ಕಡೆ ಊಟ ಸಮೇತ. ಹರಕೆ ಆಟ ಆಡಿಸುವವರ ಮನೆಯಲ್ಲಿ ಎಂಟು ಜನ ಹೆಚ್ಚಿಗೆ ಉಂಡರೆ ಅವರಿಗೆ ಸಂತೋಷವೇ.

ಕೊನೆಗೆ, ಯಾರು ಕೊಟ್ಟರು ಎಂಬ ಲೆಕ್ಕ. ಬೆಂಗಳೂರಿನ ಅಪ್ಪ ಪಿಲಿಕುಳದಲ್ಲಿ ಮುಂದೆ ಓಡಿ ಟಿಕೆಟ್ ತೆಗೆದರು. ರಿಕ್ಷಾದಲ್ಲಿ ಅವರೇ ಇದ್ದುದರಿಂದ ಬಾಡಿಗೆಯೂ ಅವರದೇ, ದೋಣಿಯದ್ದೂ ಅವರದೇ. 1,400, 660, 320, ಒಟ್ಟು 2,380 ರೂ. ತಿನ್ನುವ ಜಾಗಗಳಲ್ಲಿ ಮಾತ್ರ ಅವರ ಕೈ ಜೇಬಿನಿಂದ ಹೊರಗೆ ಬರಲು ಮಾವ ಬಿಡುವುದಿಲ್ಲ. ‘ಭಾವ, ನೀವು ಸುಮ್ಮನೆ ಕೂತ್ಕೊಳ್ಳಿ. ನಮ್ಮೂರಿಗೆ ಬಂದು ನೀವು ಬಿಲ್ಲು ಕೊಡುವುದುಂಟಾ ಮಾರಾಯ್ರೆ?’ ಎಂದು ವೈಟರನ ಕೈಯಿಂದ ಬಿಲ್ಲು ಕಸಿದುಕೊಳ್ಳುವುದು ಮಾವನ ಕ್ರಮ. ಊಟ 2,142, ಗಡ್‌ಬಡ್ 945, ಚರುಮುರಿ, ಬೊಂಡ 620, ಕಾರಿನ ಪೆಟ್ರೋಲು 306. ಒಟ್ಟು 4,013 ರೂ. ನೂರಕ್ಕೆ 63 ಪಾಲು ಮನೆಯವರದ್ದು, 37 ನೆಂಟರದ್ದು. ಗೇಟಿನ ಹಣ ಕಣ್ಣಿಗೆ ಕಾಣುವುದರಿಂದ ನೆಂಟರಿಗೆ ತಾವೇ ಎಲ್ಲ ಕೊಟ್ಟ ಹಾಗೆ ಅನಿಸಿರುತ್ತದೆ.

ಹೊರಡುವ ದಿನದ್ದು ಇದರಲ್ಲಿ ಸೇರಿಲ್ಲ. ಬರುವಾಗ ಅವರು ತಂದದ್ದು 700 ರೂ. ಸಿಹಿತಿಂಡಿ, ಹಣ್ಣು. ಹೋಗುವಾಗ ಅಜ್ಜಿ ಕಟ್ಟಿಕೊಟ್ಟದ್ದು ಆರು ತೆಂಗಿನಕಾಯಿ, ಗಾಣದ ಎಣ್ಣೆ 2 ಲೀಟರ್, ಹಲಸಿನ ಹಪ್ಪಳ, ಮತ್ತು ಮೊಮ್ಮಕ್ಕಳಿಬ್ಬರ ಮುಷ್ಟಿಗೆ ತಲಾ 500ರ ನೋಟು. ಕಾಯಿಗೆ 240, ಎಣ್ಣೆಗೆ 800, ಹಪ್ಪಳಕ್ಕೆ 200, ನೋಟು 1,000. ಒಟ್ಟು 2,240. ದಿನವಿಡೀ ಅಪ್ಪ ಖರ್ಚು ಮಾಡಿದ 2,380ಕ್ಕೂ ಇದಕ್ಕೂ ವ್ಯತ್ಯಾಸ 140 ರೂ.

ದಸರಾ ರಜೆಯಲ್ಲಿ ಮಾವನ ಮನೆಯ ನಾಲ್ವರು ಬೆಂಗಳೂರಿಗೆ ಹೋಗುವವರಿದ್ದಾರೆ. 13ರವಳು ಈಗಲೇ ದೊಡ್ಡ ಮನರಂಜನಾ ಪಾರ್ಕಿನ ಹೆಸರು ಹೇಳತೊಡಗಿದ್ದಾಳೆ. ಅಂಥಲ್ಲಿ ಒಂದು ತಲೆಗೆ ಸಾವಿರ ದಾಟುತ್ತದೆ, ಎಂಟು ಜನಕ್ಕೆ ಮಕ್ಕಳ ರಿಯಾಯಿತಿ ಕಳೆದರೂ ಮಂಗಳೂರಿನ ಇಡೀ ದಿನದ ಖರ್ಚು ಗೇಟಿನಲ್ಲೇ ಮುಗಿಯುತ್ತದೆ. ಆಗ ಊರು ಭಾವನದ್ದು, ಬಿಲ್ಲು ಕಸಿದುಕೊಳ್ಳುವ ಸರದಿಯೂ ಅವರದ್ದೇ.